ಪದಚರ್ಚೆ: ಫೋಟೋದ ಬಾರ್ಡರ್ – ಗಡಿಯೋ, ಅಂಚೋ, ಚೌಕಟ್ಟೋ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಡಿಜಿಟಲ್ ಫೋಟೋಗಳಿಗೆ ಅಲಂಕಾರದ ಬಾರ್ಡರ್ ಹಾಕುವುದನ್ನು ಹೇಳಿಕೊಡುವ ಕನ್ನಡ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ಬಾರ್ಡರ್, ಫ್ರೇಮ್, ಸ್ಟ್ರೋಕ್ ಮೂರಕ್ಕೂ ‘ಚೌಕಟ್ಟು’ ಎಂದೇ ಇದೆ. ಅಲ್ಲಲ್ಲಿ ‘ಗಡಿ’ಯೂ ನುಸುಳಿದೆ. ಎಲ್ಲ ಕಡೆ ‘ಅಂಚು’ ಎಂದರೆ ಸಾಲದೇ?

ಉತ್ತರ:

‘ಗಡಿ’ಯನ್ನು ಮೊದಲು ತೆಗೆಯಿರಿ. ಅದು ನಾಡಿಗೆ, ನೆಲಕ್ಕೆ ಸಲ್ಲುವ ಮಾತು. 60 ಪಿಕ್ಸೆಲ್ ಅಗಲದ ಗಡಿ ಎಂದರೆ ಯಾರಿಗೂ ಅರ್ಥವಾಗದು.

‘ಅಂಚು’ ಒಳ್ಳೆಯ ಪದವೇ. ಆದರೆ ಚಿತ್ರ ತಿದ್ದುವವರಿಗೆ ಅಂಚು ಎಂದರೆ ಚಿತ್ರ ಮುಗಿಯುವ ಕೊನೆ, ಇಲ್ಲವೇ ಬಣ್ಣ ಥಟ್ಟನೆ ಬದಲಾಗುವ ಜಾಗ. ‘ಅಂಚನ್ನು ಮಸುಕು ಮಾಡಿ’ ಎಂದು ಬರೆದರೆ ಮಸುಕಾಗಬೇಕಾದ್ದು ಫೋಟೋವೋ ಬಾರ್ಡರೋ ತಿಳಿಯುವುದಿಲ್ಲ. ಆದ್ದರಿಂದ ಬಾರ್ಡರಿಗೆ ‘ಅಂಚುಪಟ್ಟಿ’ ಇರಲಿ. ಪಟ್ಟಿಗೆ ಅಗಲವಿದೆ, ಬಣ್ಣ ತುಂಬಬಹುದು.

ಪಟ್ಟಿ ಫೋಟೋದ ಒಳಗೆ ಬೀಳುತ್ತದೋ ಹೊರಗೋ ಎಂಬುದನ್ನೂ ಪದವೇ ಹೇಳಬೇಕು, ಏಕೆಂದರೆ ಹೆಚ್ಚಿನ ತಪ್ಪುಗಳು ಆಗುವುದು ಅಲ್ಲೇ. 300 ಪಿಪಿಐಯಲ್ಲಿ (ಇಂಚಿಗೆ 300 ಪಿಕ್ಸೆಲ್) 6×4 ಇಂಚಿನ ಮುದ್ರಣಕ್ಕೆ ಬೇಕಾದ್ದು 1800×1200 ಪಿಕ್ಸೆಲ್. ಅದಕ್ಕೆ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದ ಮೆನುವಿನಲ್ಲಿ ಫಿಲ್ಟರ್ಸ್, ಡೆಕೋರ್, ಆ್ಯಡ್ ಬಾರ್ಡರ್ ಮೂಲಕ 60 ಪಿಕ್ಸೆಲ್ ‘ಹೊರ ಅಂಚುಪಟ್ಟಿ’ ಹಾಕಿದರೆ ಚಿತ್ರ 1920×1320 ಆಗುತ್ತದೆ. 3:2 ಅನುಪಾತ ಕೆಟ್ಟು, ಮುದ್ರಣದಲ್ಲಿ ಒಂದೋ ಎರಡು ಬದಿ ಕತ್ತರಿಸಿಹೋಗುತ್ತದೆ, ಇಲ್ಲವೇ ಬಿಳಿ ಜಾಗ ಉಳಿಯುತ್ತದೆ. ‘ಒಳ ಅಂಚುಪಟ್ಟಿ’ಯಾದರೆ ಒಟ್ಟು ಅಳತೆ ಬದಲಾಗದು, ಫೋಟೋಗೆ ಉಳಿಯುವ ಜಾಗ ಮಾತ್ರ 1680×1080. ಫೋಟೋವನ್ನು 1680×1120ಕ್ಕೆ ಕುಗ್ಗಿಸಿ, ಎತ್ತರದಲ್ಲಿ 40 ಪಿಕ್ಸೆಲ್ ಕತ್ತರಿಸಬೇಕು.

ಕೈಪಿಡಿಯಲ್ಲಿ ಅಗಲ ಹೇಳುವಲ್ಲೆಲ್ಲ ‘ಪ್ರತಿ ಬದಿಗೆ’ ಎಂದು ತಪ್ಪದೆ ಸೇರಿಸಿ. ಗಿಂಪ್‌ನ ಆ್ಯಡ್ ಬಾರ್ಡರಿನಲ್ಲಿ 60 ಎಂದರೆ ಪ್ರತಿ ಬದಿಗೆ 60. ಫೋಟೋಶಾಪಿನಲ್ಲಿ ಚಿತ್ರದ ಹಾಳೆಯ (ಕ್ಯಾನ್ವಾಸ್) ಅಳತೆ ಬದಲಿಸುವ ಕ್ಯಾನ್ವಾಸ್ ಸೈಜಿನಲ್ಲಿ, ಇರುವ ಅಳತೆಗೆ ಕೂಡಿಸುವ ರಿಲೇಟಿವ್ ಗುರುತು ಹಾಕಿ 60 ಕೊಟ್ಟರೆ ಅದು ಎರಡು ಬದಿಗೂ ಹಂಚಿ 30-30 ಆಗುತ್ತದೆ.

ಸ್ಟ್ರೋಕಿಗೆ ‘ಸುತ್ತುಗೆರೆ’ ಸರಿಹೋಗುತ್ತದೆ. ಇದು ಆಯ್ಕೆಯ (ಸೆಲೆಕ್ಷನ್) ಅಥವಾ ಪದರದ (ಲೇಯರ್) ಅಂಚಿನ ಮೇಲೆ ಓಡುವ ಗೆರೆ. ಗಿಂಪ್‌ನಲ್ಲಿ ಇಡೀ ಚಿತ್ರವನ್ನು ಆಯ್ದು ಸ್ಟ್ರೋಕ್ ಸೆಲೆಕ್ಷನ್‌ಗೆ 20 ಪಿಕ್ಸೆಲ್ ಕೊಟ್ಟರೆ ಕಾಣುವುದು 10 ಮಾತ್ರ, ಏಕೆಂದರೆ ಗೆರೆಯ ನಡು ಅಂಚಿನ ಮೇಲೆ ಕೂರುತ್ತದೆ, ಹೊರಗಿನರ್ಧ ಕಳೆದುಹೋಗುತ್ತದೆ. ಫೋಟೋಶಾಪಿನ ಲೇಯರ್ ಸ್ಟೈಲಿನಲ್ಲಿ ಸ್ಥಾನವನ್ನು ಔಟ್‌ಸೈಡ್ ಎಂದಿಟ್ಟರೆ, ಕ್ಯಾನ್ವಾಸ್ ತುಂಬಿರುವ ಫೋಟೋದಲ್ಲಿ ಏನೂ ಕಾಣದು. ಕ್ಯಾನ್ವಾಸ್ ಹಿಗ್ಗಿಸಿದರೂ ಮೂಲೆಗಳು ದುಂಡಾಗಿ ಬರುತ್ತವೆ. ಮೂಲೆ ಚೂಪಾಗಿರಬೇಕಾದರೆ ಇನ್‌ಸೈಡ್ ಆರಿಸಬೇಕು. ಬ್ಯಾಕ್‌ಗ್ರೌಂಡ್ ಪದರದ ಬೀಗ ತೆಗೆಯದೆ ಈ ಲೇಯರ್ ಸ್ಟೈಲ್ ಯಾವುದೂ ನಡೆಯದು.

‘ಚೌಕಟ್ಟ’ನ್ನು ಫ್ರೇಮಿಗೇ ಮೀಸಲಿಡಿ: ನಡುವೆ ಪಾರದರ್ಶಕ ಕಿಂಡಿಯಿದ್ದು, ಬಳ್ಳಿ, ಹೂವು, ಮರದ ಮೈಬಣ್ಣ ಹೊತ್ತ ಪ್ರತ್ಯೇಕ ಚಿತ್ರ. ಇದನ್ನು ಪಾರದರ್ಶಕತೆ ಉಳಿಸುವ ಪಿಎನ್‌ಜಿ ಕಡತವಾಗಿ ಮೇಲಿನ ಪದರದಲ್ಲಿಡುತ್ತೇವೆ. ಜೆಪೆಗ್‌ನಲ್ಲಿ ಪಾರದರ್ಶಕತೆ ಇಲ್ಲದ್ದರಿಂದ ಕಿಂಡಿ ಬಣ್ಣದಿಂದ ಮುಚ್ಚಿಹೋಗುತ್ತದೆ. ಅಡ್ಡ ಚಿತ್ರದ ಚೌಕಟ್ಟನ್ನು ಉದ್ದ ಚಿತ್ರಕ್ಕೆ ಎಳೆದು ಹೊಂದಿಸಿದರೆ ಮೂಲೆಯ ಹೂವುಗಳು ಸೊಟ್ಟಗಾಗುತ್ತವೆ. ನಾಲ್ಕು ಮೂಲೆಗಳನ್ನು ಕತ್ತರಿಸಿ ಬೇರೆ ಪದರಗಳಲ್ಲಿಟ್ಟು, ನಡುವಿನ ಪಟ್ಟಿಗಳನ್ನಷ್ಟೇ ಹಿಗ್ಗಿಸುವುದು ಸರಿಯಾದ ದಾರಿ.

ಫಜಿ ಬಾರ್ಡರಿಗೆ ‘ಮಸುಕಂಚು’ ಎನ್ನಬಹುದು. ಅಲ್ಲಿ ಕರಗುವುದು ಫೋಟೋದ ಅಂಚೇ, ಹಾಗಾಗಿ ಪಟ್ಟಿ ಎಂಬ ಮಾತು ಬೇಡ.

ಮೆನುವಿನ ಹೆಸರುಗಳನ್ನು ಮಾತ್ರ ಅನುವಾದಿಸದೆ ಪರದೆಯ ಮೇಲಿದ್ದಂತೆಯೇ ಬರೆಯಿರಿ, ಓದುಗರು ಹುಡುಕುವುದು ಅವನ್ನೇ.