ಬಾಲ್ಕನಿ, ಟೆರೇಸ್‌ನಾಗ ಇದ್ದಿಲಿನ ಗ್ರಿಲ್: ಅಪಾರ್ಟ್‌ಮೆಂಟ್ ನಿಯಮ ಹೆಂಗ ಬರೀಬೇಕು?

ಟಿಳಕವಾಡಿ ಕಮಿಟಿ

ನಮಸ್ಕಾರ್ರಿ. ಬೆಳಗಾವಿ ಟಿಳಕವಾಡಿಯೊಳಗ ನಾಕ ಮಹಡಿ, 24 ಮನಿ, ಕೆಳಗ ಬೇಸ್‌ಮೆಂಟ್ ಪಾರ್ಕಿಂಗ್. ಚಳಿಗಾಲ ಬಂತಂದ್ರ ಬಾಲ್ಕನಿಯೊಳಗ ಇದ್ದಿಲಿನ ಗ್ರಿಲ್ ಹಚ್ಚೋರು ಹೆಚ್ಚಾಗ್ಯಾರ. ಮ್ಯಾಲಿನ ಮನಿಯವರು ಒಣಗಾಕ ಹಾಕಿದ ಅರಿವಿಗೆಲ್ಲಾ ಹೊಗಿ ವಾಸನಿ. ಬರೋ ವಾರ್ಷಿಕ ಸಭಾಕ್ಕ ನಿಯಮದ ಕರಡು ಒಯ್ಯಬೇಕು. ಒಬ್ರು ಪೂರ್ತಿ ಬಂದ್ ಮಾಡ್ರಿ ಅಂತಾರ, ಇನ್ನೊಬ್ರು ಮಾಂಸ ಸುಡೋದಷ್ಟ ಬಂದ್ ಮಾಡ್ರಿ ಅಂತಾರ, ಮತ್ತೊಬ್ರು ನೆಟ್‌ನಾಗ ನೋಡಿ "10 ಅಡಿ ದೂರ ಇಟ್ರ ಕಾಯ್ದೆ ಪ್ರಕಾರ ಸರಿ" ಅಂತಾರ. ಆ 10 ಅಡಿ ಲೆಕ್ಕ ನಮಗ ಲಾಗೂ ಆಗತದೇನ್ರಿ? ಟೆರೇಸ್‌ನಾಗ ಬಿಟ್ರ ಏನೇನ್ ನೋಡಬೇಕು? ನಿಯಮ ಮುರಿದ್ರ ಕಮಿಟಿ ಕೈಯಾಗ ಏನೈತಿ?

ಕೆಂಡಬೂದಿ

10 ಅಡಿ ಅನ್ನೋದು ಅಮೆರಿಕದ ಫೈರ್ ಕೋಡ್‌ನ ಮಾತು. ಅಲ್ಲಿ ಕಟ್ಟಿಗಿ ಚೌಕಟ್ಟಿನ ಮನಿ ಜಾಸ್ತಿ. ಅದಕ್ಕ ಬಹಳ ಮನಿ ಇರೋ ಕಟ್ಟಡದೊಳಗ, ಬೆಂಕಿ ಹತ್ತೋ ಸಾಮಾನಿನಿಂದ ಕಟ್ಟಿದ ಭಾಗದ 10 ಅಡಿ ಒಳಗ ಇದ್ದಿಲು, ಗ್ಯಾಸ್ ಗ್ರಿಲ್ ಹಚ್ಚಬಾರದು ಅಂತ ಬರದಾರ. ಒಂದೆರಡು ಕುಟುಂಬದ ಮನಿಗೆ ವಿನಾಯ್ತಿ ಐತಿ. ನಮ್ಮಲ್ಲಿ ಅದು ಕಾಯ್ದೆ ಅಲ್ರಿ. ಆದ್ರ ಅಳತಿ ಎರವಲು ತಗೊಳ್ಳಾಕ ಅಡ್ಡಿ ಇಲ್ಲ: ನಮ್ಮ ಬಾಲ್ಕನಿ ನಾಕೈದು ಅಡಿ ಅಗಲ, ಅಲ್ಲಿಗೆ ಆ ಪ್ರಶ್ನೆ ಮುಗೀತು.

"ನಮ್ದು ಆರ್‌ಸಿಸಿ, ಸುಡೂದಿಲ್ಲ" ಅನ್ನೋರಿಗೆ: ಸ್ಲ್ಯಾಬ್ ಸುಡೂದಿಲ್ಲ, ಅದರ ಮ್ಯಾಲಿರೋದು ಸುಡತದ. ಸೊಳ್ಳಿ ಪರದಿ, ಬಿದಿರು ಕಡ್ಡಿ ಪರದಿ, ಒಣಗಾಕ ಹಾಕಿದ ಸೀರಿ, ಎಸಿ ಪೈಪಿನ ಫೋಮು. ಪಿವಿಸಿ ಪೈಪು ಸುಮಾರು 80 ಡಿಗ್ರಿಗೇ ಮೆತ್ತಗಾಗತದ. ಬಾಲ್ಕನಿಗೆ ಗಾಜು ಹಾಕಿಸಿ ಮುಚ್ಚಿದ್ರ ಇನ್ನೂ ಕೆಟ್ಟದ್ದು. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿಗೆ ವಾಸನಿ ಇಲ್ಲ. ಹೊಗಿ ನಿಂತ ಮ್ಯಾಲೂ ಅದು ಬರತಿರತದ. ಚಳಿ ಅಂತ ಅದೇ ಕೆಂಡ ಒಳಗ ಒಯ್ದು ಬಾಗಲಾ ಹಾಕ್ಕೊಂಡು ಮಲಗೂದು ಜೀವಕ್ಕ ಎರವು.

ಟೆರೇಸ್‌ನಾಗ ಒಂದ ಜಾಗಾ ಗೊತ್ತುಮಾಡಿ ಹಳದಿ ಬಣ್ಣದ ಚೌಕ ಹೊಡೀರಿ. ಮೆಟ್ಟಲಿನ ಬಾಗಲಾ, ಲಿಫ್ಟ್ ರೂಮು, ಪ್ಲಾಸ್ಟಿಕ್ ನೀರಿನ ಟ್ಯಾಂಕು, ಸೋಲಾರ್ ಹೀಟರು, ಇವೆಲ್ಲದರಿಂದ 10 ಅಡಿ ದೂರ ಇರಲಿ. ಮೆಟ್ಟಲಿನ ಬಾಗಲಾ ಮುಚ್ಚಿರಬೇಕು, ಇಲ್ಲಂದ್ರ ಹೊಗಿ ನಾಕೂ ಮಹಡಿಗೆ ಇಳೀತದ. ಕೀಲಿ ಹಾಕಬ್ಯಾಡ್ರಿ ಮತ್ತ. ಚಳಿಗಾಲಕ್ಕ ಬೆಳಗಾವಿಯೊಳಗ ಗಾಳಿ ಹೆಚ್ಚಾಗಿ ಮೂಡಣದಿಂದ, ಹಂಗಾಗಿ ಚೌಕ ಪಡುವಣ ತುದಿಗೆ ಇದ್ರ ಹೊಗಿ ನಿಮ್ಮ ಕಟ್ಟಡ ಬಿಡತದ. ಆ ಕಡಿ ಪಕ್ಕದ ಕಟ್ಟಡ ಹತ್ತಿ ನಿಂತಿದ್ರ ಅವರ ಕಿಟಕಿ ನೋಡಿ ಜಾಗಾ ಸರಿಸ್ರಿ.

ಗ್ರಿಲ್ಲನ್ನ ಸೀದಾ ನೆಲದ ಮ್ಯಾಲ ಇಡಬ್ಯಾಡ್ರಿ. ವಾಟರ್‌ಪ್ರೂಫಿಂಗ್‌ಗೆ ಡಾಂಬರಿನ ಶೀಟ್ ಹಾಕಿದ್ರ ಕಾವಿಗೆ ಮೆತ್ತಗಾಗಿ ಬಿಡತದ, ಮಳಿಗಾಲಕ್ಕ ನಾಕನೇ ಮಹಡಿಯವರ ಛಾವಣಿ ಸೋರತದ. ಕಾಂಕ್ರೀಟ್ ಒಳಗಿನ ಪಸೆ ಉಗಿಯಾಗಿ ಮ್ಯಾಲಿನ ಪದರ ಸಿಡೀತದ; ಶಹಾಬಾದ್ ಕಲ್ಲೂ ಸೀಳತದ. 3 ಅಡಿ ಚೌಕದ ತಗಡಿನ ಟ್ರೇ, ಅದರಾಗ 2 ಇಂಚು ಉಸುಕು, ಅದರ ಮ್ಯಾಲ ಇಟ್ಟಂಗಿ, ಆಮ್ಯಾಲ ಗ್ರಿಲ್. ತಳಕ್ಕೂ ಕೆಂಡಕ್ಕೂ ನಡುವ 8 ಇಂಚರೆ ಅಂತರ ಇರಲಿ.

ಹೊಗಿ ದೂರು ಬರೋದು ಬಹಳ ಮಾಡಿ ಮೊದಲಿನ 20 ನಿಮಿಷಕ್ಕ, ಆಮ್ಯಾಲ ಎಣ್ಣಿ, ಕೊಬ್ಬು ಕೆಂಡಕ್ಕ ಬೀಳೋವಾಗ. ಮೊದಲಿಂದಕ್ಕ ಚಿಮಣಿ ಡಬ್ಬಿ (ಇದ್ದಿಲು ಹೊತ್ತಿಸೋ ತೂತಿನ ತಗಡಿನ ಡಬ್ಬಿ) ಬಳಸ್ರಿ: ತಳಕ್ಕ ಎರಡು ಹಾಳಿ ಪೇಪರ್, ಮ್ಯಾಲ ಇದ್ದಿಲು, ಬೂದಿ ಬಣ್ಣ ಬರೂತನಕ ಏನೂ ಸುಡಾಕ ಇಡಬ್ಯಾಡ್ರಿ. ಎರಡನೇದಕ್ಕ ಕೆಂಡ ಎರಡೂ ಬದಿಗೆ ಸರಿಸಿ ನಡುವ ನೀರಿನ ತಟ್ಟಿ ಇಡ್ರಿ, ಪದಾರ್ಥ ತಟ್ಟಿ ಮ್ಯಾಲ. ಎಂಟು ಮಂದಿಗೆ ಒಂದೂವರೆಯಿಂದ ಎರಡು ಕಿಲೊ ಇದ್ದಿಲು ಸಾಕು. ನಮ್ಮ ಮಳಿಗಾಲದಾಗ ಇದ್ದಿಲು ಪಸೆ ಹೀರತದ, ಹಸಿ ಇದ್ದಿಲು ಹೊಗಿ ಕಾರತದ. ಬಿಸಲಿಗೆ ಹಾಕಿ ತಗೊಳ್ರಿ. ಪೆಟ್ರೋಲು, ಸ್ಯಾನಿಟೈಜರ್ ಅಂತೂ ಮುಟ್ಟಬ್ಯಾಡ್ರಿ.

ಬೈಲಾ ಬಲ್ಲವ

ಕಾನೂನಿನ ಭಾಗ ಹೇಳುತ್ತೇನೆ. ಮೊದಲು ನಿಮ್ಮ ಸಂಘ ಯಾವುದರಡಿ ನೋಂದಣಿಯಾಗಿದೆ ನೋಡಿ: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೋ, 1960ರ ಸಂಘಗಳ ನೋಂದಣಿ ಕಾಯ್ದೆಯೋ. ಮೊದಲನೆಯದಾದರೆ ಘೋಷಣಾಪತ್ರಕ್ಕೆ (ಡೀಡ್ ಆಫ್ ಡಿಕ್ಲರೇಶನ್) ಲಗತ್ತಿಸಿದ ಬೈಲಾ, ಅಂದರೆ ಸಂಘದ ಉಪನಿಯಮ, ಪ್ರತಿ ಮಾಲೀಕನಿಗೂ ಬದ್ಧ. ಉಲ್ಲಂಘಿಸಿದರೆ ನಷ್ಟಪರಿಹಾರಕ್ಕೋ ತಡೆಯಾಜ್ಞೆಗೋ ಕೋರ್ಟಿಗೆ ಹೋಗಬಹುದು. ಬೈಲಾ ತಿದ್ದುವುದಕ್ಕೆ ಎಷ್ಟು ಮತ ಬೇಕೆಂದು ಬೈಲಾದಲ್ಲೇ ಇರುತ್ತದೆ. ಟೆರೇಸ್ ಬಳಕೆ, ಸಮಯ ಇಂಥವನ್ನು ಬೈಲಾ ತಿದ್ದದೆ ಸಭೆಯ ಠರಾವಿನಿಂದಲೇ ಮಾಡುವುದು ಹಗುರ. ಟೆರೇಸನ್ನು ಯಾರಿಗಾದರೂ ಪ್ರತ್ಯೇಕ ಹಕ್ಕು ಕೊಟ್ಟು ಮಾರಿದ್ದಾರೋ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ದಂಡ ಹಾಕುವ ಅಧಿಕಾರ ಬೈಲಾದಲ್ಲಿ ಬರೆದಿದ್ದರೆ ಮಾತ್ರ ಹಾಕಿ. ಗ್ರಿಲ್ ಕಿತ್ತುಕೊಳ್ಳುವುದು, ನೀರು ಬಂದ್ ಮಾಡುವುದು ಬೇಡ. ಅಲ್ಲಿಂದ ಮುಂದೆ ತಪ್ಪು ನಿಮ್ಮದಾಗುತ್ತದೆ. ಲಿಖಿತ ನೋಟಿಸು, ದಿನಾಂಕ ಇರುವ ಫೋಟೊ, ಎರಡನೇ ನೋಟಿಸು, ಈ ಕ್ರಮ ಇರಲಿ. ನಿಜಕ್ಕೂ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಇದೆ: ಜೀವಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ನಿರ್ಲಕ್ಷ್ಯದಿಂದ ಬಳಸಿದರೆ 6 ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮಾಂಸದ ಮಾತು ನಿಯಮದಿಂದ ತೆಗೆಯಿರಿ. ಕಿಡಿಗೆ ಕೋಳಿ ಯಾವುದು, ಬದನೆಕಾಯಿ ಯಾವುದು ಗೊತ್ತಾಗುವುದಿಲ್ಲ. ಬೆಂಕಿಯ ಬಗೆ, ಜಾಗ, ಸಮಯ ಬರೆದರೆ ವಾಚ್‌ಮನ್ ಕೂಡ ನೋಡಿ ಹೇಳಬಲ್ಲ. ಊಟದ ಬಗೆ ಬರೆದರೆ ಸಭೆ ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ!

ಸೀತನಿ ಪ್ರಿಯ, ವಿಜಯಪುರ

ಕುಳ್ಳಿನ (ಬೆರಣಿ) ಬೆಂಕಿನೂ ನಿಯಮದಾಗ ಸೇರಿಸ್ರಿ. ಸೀತನಿ (ಎಳೆ ಜ್ವಾಳದ ತೆನಿ) ಸುಡೋರು ಟೆರೇಸ್‌ಗೆ ಕುಳ್ಳು ಒಯ್ತಾರ. ಕುಳ್ಳಿನ ಹೊಗಿ ಇದ್ದಿಲಿಗಿಂತ ಎಷ್ಟೋ ಜಾಸ್ತಿ, ಜ್ವಾಳದ ತೆನಿಯ ಹೊಟ್ಟು ಹತ್ತಿ ಕಿಡಿಯಾಗಿ ಹಾರತದ. ಸೀತನಿಗೆ ಹೊಲಾನ ಚಂದ.

ಟಿಳಕವಾಡಿ ಕಮಿಟಿ

ಉಪಕಾರ ಆತ್ರಿ. ಕರೆಂಟಿನ ಗ್ರಿಲ್ ಬಾಲ್ಕನಿಯೊಳಗ ಬಿಡಬಹುದೇನು? ಗ್ಯಾಸಿಂದು?

ಕೆಂಡಬೂದಿ

ಕರೆಂಟಿಂದು ಬಿಡ್ರಿ, ಷರತ್ತಿನ ಮ್ಯಾಲ. 2,000 ವ್ಯಾಟ್ ಗ್ರಿಲ್ ಸುಮಾರು 9 ಆಂಪಿಯರ್ ಎಳೀತದ. ಬಾಲ್ಕನಿಯೊಳಗಿರೋದು 6 ಆಂಪಿಯರ್ ಸಾಕೆಟ್, ಕಾದು ಕರಗತದ. 16 ಆಂಪಿಯರ್ ಸಾಕೆಟ್ ಬೇಕು. ಎಕ್ಸ್‌ಟೆನ್ಶನ್ ಬೇಕಾದ್ರ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಸುತ್ತು ಪೂರ್ತಿ ಬಿಚ್ಚಿರಬೇಕು. ಕರೆಂಟು ಅವರವರ ಮನಿ ಮೀಟರಿಂದ. ಟೆರೇಸ್‌ನಾಗ ಕಾಮನ್ ಮೀಟರಿಗೆ ಹಚ್ಚಿದ್ರ ಹೆಸ್ಕಾಂ ಬಿಲ್ಲು ಎಲ್ಲಾರ ತಲಿ ಮ್ಯಾಲ.

ಗ್ಯಾಸ್ ಟೆರೇಸ್‌ನಾಗೂ ಬ್ಯಾಡ ಅಂತೀನಿ. ಗಾಳಿಗೆ ಜ್ವಾಲಿ ಆರಿದ್ರ ಗ್ಯಾಸ್ ಹರೀತಾನ ಇರತದ. ಎಲ್‌ಪಿಜಿ ಗಾಳಿಗಿಂತ ಭಾರ, ಮೆಟ್ಟಲಿನಿಂದ, ಲಿಫ್ಟ್ ಗುಂಡಿಯಿಂದ ಕೆಳಗ ಇಳದು ನಿಮ್ಮ ಬೇಸ್‌ಮೆಂಟ್‌ನಾಗ ಕೂಡತದ. ಸೋರಿಕೆ ಆದ್ರ 1906ಕ್ಕ ಫೋನ್ ಹಚ್ರಿ, ಲೈಟಿನ ಬಟನ್ ಮುಟ್ಟಬ್ಯಾಡ್ರಿ.

ಠರಾವಿನಾಗ ಇಷ್ಟು ಬರೀರಿ: ಬಾಲ್ಕನಿ, ಪ್ಯಾಸೇಜು, ಬೇಸ್‌ಮೆಂಟಿನಾಗ ಇದ್ದಿಲು, ಕಟ್ಟಿಗಿ, ಕುಳ್ಳು, ಗ್ಯಾಸ್ ಇಲ್ಲ. ಟೆರೇಸ್ ಚೌಕದಾಗ ಇದ್ದಿಲು ಮಾತ್ರ, ಒಂದು ಹೊತ್ತಿಗೆ ಒಂದ ಗ್ರಿಲ್, ಎರಡು ದಿನ ಮೊದಲ ರಜಿಸ್ಟರಿನಾಗ ಹೆಸರು, ಸಂಜಿ 6ರಿಂದ 9:30. ದೊಡ್ಡವರೊಬ್ಬರು ಕಡೀತನಕ ಅಲ್ಲೇ ಇರಬೇಕು. ಪಕ್ಕಕ್ಕ ಎರಡು ಬಕೀಟು ಉಸುಕು, ಬೆಂಕಿ ಆರಿಸೋ 6 ಕಿಲೊ ಎಬಿಸಿ ಪೌಡರ್ ಸಿಲಿಂಡರು. ಕೊಬ್ಬಿಗೆ ಬೆಂಕಿ ಹತ್ತಿದ್ರ ನೀರು ಹಾಕಬಾರದು, ಮುಚ್ಚಳ ಮುಚ್ಚಬೇಕು.

ಬೂದಿದೂ ಬರೀರಿ, ಎಲ್ಲಾರೂ ಮರೆಯೋದು ಅದನ್ನ. ಮ್ಯಾಲ ಆರಿದಂಗ ಕಂಡ್ರೂ ಒಳಗ ಕೆಂಡ ಒಂದೆರಡು ದಿನ ಇರತದ. ಮುಚ್ಚಳದ ಕಬ್ಬಿಣದ ಬಕೀಟಿನಾಗ ಹಾಕಿ, ನೀರು ಹನಿಸಿ, ಚೌಕದಾಗ 48 ತಾಸು ಬಿಟ್ಟು ಆಮ್ಯಾಲ ಕಸಕ್ಕ. ಮಳಿನೀರಿನ ಪೈಪಿಗೆ ಸುರಿದ್ರ ಪೈಪೂ ಹೋಗತದ, ಕಟ್ಟಿಕೊಂಡು ಟೆರೇಸ್ ತುಂಬ ನೀರೂ ನಿಲ್ಲತದ.