ಸಹಾಯ ಬೇಕು: ನಾಯಿ ಬೇಯಿಸಿದ ಕೋಳಿ ಎಲುಬು ತಿಂದದ, ಏನ್ ಮಾಡ್ಲಿ?

ನಮಸ್ಕಾರ ರೀ. ನಾವು ಬೀದರ್ ನೌಬಾದದಾಗ ಇರ್ತೀವಿ. ಮನ್ಯಾಗ ಎರಡು ವರ್ಷದ ಊರ ನಾಯಿ ಅದ, ಕರಿಯಾ ಅಂತ, ತೂಕ 16 ಕೆ.ಜಿ. ನಿನ್ನಿ ರಾತ್ರಿ ನಮ್ಮ ಮಾವ ಉಂಡು ಉಳಿದ ಕೋಳಿ ಎಲುಬೆಲ್ಲ ಅದರ ಮುಂದ ಹಾಕ್ಯಾರ. ಕೇಳಿದ್ರ, "ನಾಯಿ ಎಲುಬು ತಿನ್ನದೆ ಮತ್ತೇನು ತಿಂತದ?" ಅಂತಾರ. ಕಾಲಿನ ಎಲುಬು ಕಟಕಟ ಅಂತ ಎರಡೇ ಕಡಿತಕ್ಕ ಹೋಯ್ತು. ಉಳಿದ ಒಂದು ಚೂರು ಕೈಯಾಗ ಹಿಡಿದು ನೋಡ್ದೆ, ತುದಿ ದಬ್ಬಣದಂಗ ಚೂಪು.

ಬೇಯಿಸಿದ ಎಲುಬು ಸೀಳಿ ಗಂಟಲಿಗೆ, ಕರುಳಿಗೆ ಚುಚ್ತದ ಅಂತ ನನಗ ಗೊತ್ತದ. ಹಸೀದು ಅಷ್ಟು ಸೀಳಂಗಿಲ್ಲ, ಆದರ ಹಲ್ಲು ಮುರಿಯೋದು, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಕಾಟ ಅದಕ್ಕೂ ಅದ. ಗೊತ್ತಿದ್ದು ಏನ್ ಮಾಡೋದು, ನಾ ಹೊರಗ ಬರೋದ್ರಾಗ ತಟ್ಟಿ ಖಾಲಿ.

ಮುಂಜಾನಿ ಅರ್ಧ ಅನ್ನ ತಿಂದದ, ನೀರು ಕುಡಿದದ, ವಾಂತಿ ಇಲ್ಲ. ಆದರ ಸಂಡಾಸಕ್ಕ ಕೂತು ಭಾಳ ತಿಣುಕ್ತದ. ಸುಣ್ಣದಂಥ ಬಿಳಿ ಗಟ್ಟಿ ಉಂಡಿ ಎರಡು ಬಿದ್ದಾವ, ಅಷ್ಟೇ. ರಕ್ತ ಕಾಣಿಸಿಲ್ಲ. ಬಾಜು ಮನಿ ಕಾಕಾ ಉಪ್ಪುನೀರು ಕುಡಿಸಿ ಕಾರಸು ಅಂದ್ರು. ಚೂಪು ಚೂರು ತಿರುಗಿ ಬರುವಾಗ ಗಂಟಲೇ ಹರದ್ರ? ನಾ ಒಲ್ಲೆ ಅಂದೆ.

ನಂದಿನಗರದ ಪಶುವೈದ್ಯ ಕಾಲೇಜಿನ ಆಸ್ಪತ್ರ್ಯಾಗ ಇವತ್ತು ಭಾನುವಾರ ಡಾಕ್ಟರ್ ಸಿಗ್ತಾರೇನ್ರಿ? ಎಕ್ಸ್-ರೇ ತೆಗೀತಾರೇನು? ಇತ್ತೀಚಿಗೆ ಹೋದವರು ಇದ್ರ ಲಗೂ ಹೇಳ್ರಿ. ಹೊಟ್ಟಿ ಉಬ್ಬಿದರ, ವಾಂತಿ ಶುರುವಾದರ ಕಾಯಂಗಿಲ್ಲ, ಆಟೋದಾಗ ಹಾಕ್ಕೊಂಡು ಹೊಂಟೇ ಬಿಡ್ತೀನಿ.

ಇನ್ನೊಂದು. ಕಡಿಲಿಕ್ಕ ಎಲುಬಿನ ಬದಲಿ ನೀವು ಏನ್ ಕೊಡ್ತೀರಿ? ಏನೂ ಇಲ್ಲಂದ್ರ ಇವ ಮಾವನ ಚಪ್ಪಲಿಗೇ ಬಾಯಿ ಹಾಕ್ತಾನ.