ಪೈಲಟ್‌ಗೂ ಯೂನಿಯನ್ ಬೇಕಾ? ನಮ್ಮ ಮನೆ ಗುಂಪಿನ ಚರ್ಚೆ

ನಾನು ಎರಡು ವರ್ಷದಿಂದ ಕೋ-ಪೈಲಟ್. ಯೂನಿಯನ್ ಸೇರುವ ಫಾರಂ ಕೈಗೆ ಬಂದು ಒಂದು ವಾರ ಆಗಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಹಳೇ ಸುದ್ದಿ ಹಾಕಿದರು. ಅಮೆರಿಕದ ಡೆಲ್ಟಾ ವಿಮಾನ ಕಂಪನಿಯ ಪೈಲಟ್‌ಗಳಿಗೆ ನಾಲ್ಕು ವರ್ಷದ ಒಪ್ಪಂದದಲ್ಲಿ 34% ಸಂಬಳ ಏರಿಕೆ ಸಿಕ್ಕ 2023ರ ಸುದ್ದಿ ಅದು. ಆಮೇಲೆ ನಡೆದ ಮಾತು ಇಲ್ಲಿದೆ.

ಚಿಕ್ಕಪ್ಪ: ಇದು ಇವತ್ತು ಕಣ್ಣಿಗೆ ಬಿತ್ತು. ಮೊದಲೇ ಕೈತುಂಬಾ ಸಂಬಳ ತೆಗೆದುಕೊಳ್ಳುವವರು. ಇವರಿಗೂ ಯೂನಿಯನ್ ಬೇಕಾ?

ಅಣ್ಣ: 34% ಕೊಡಿಸಿದೆ ಅಂದರೆ ಬೇಕು ಅಂತಲೇ ಅಲ್ವಾ ಚಿಕ್ಕಪ್ಪ?

ಚಿಕ್ಕಪ್ಪ: ಯೂನಿಯನ್ ಕೊಡಿಸಿದ್ದಲ್ಲ ಕಣೋ. ಕೋವಿಡ್ ಹೊತ್ತಲ್ಲಿ ಎಷ್ಟೋ ಪೈಲಟ್‌ಗಳು ಬೇಗ ನಿವೃತ್ತಿ ತೆಗೆದುಕೊಂಡರು. ಆಮೇಲೆ ಜನ ವಿಮಾನ ಹತ್ತಲು ಮುಗಿಬಿದ್ದರು. ಪೈಲಟ್‌ಗಳೇ ಸಿಗದಿದ್ದಾಗ ಸಂಬಳ ತಾನಾಗಿ ಏರುತ್ತದೆ.

ನಾನು: ಅದು ನಿಜ. ಏರಿಕೆ ಪೂರ್ತಿ ಯೂನಿಯನ್ನಿಂದಲೇ ಬಂತು ಅಂತ ನಾನೂ ಹೇಳಲ್ಲ. ಆದರೆ ಚಿಕ್ಕಪ್ಪ, ನನ್ನ ಹತ್ತಿರ ಯೂನಿಯನ್ ಫಾರಂ ಇದೆ. ಗುರುವಾರದೊಳಗೆ ಕೊಡಬೇಕು. ಸೇರೋಣ ಅಂತಿದ್ದೇನೆ.

ಅತ್ತೆ: ಸೇರಿದರೆ ಕಂಪನಿಯವರ ಕಣ್ಣಿಗೆ ಬೀಳಲ್ವಾ ಪುಟ್ಟಿ? ಇಷ್ಟು ಕಷ್ಟಪಟ್ಟು ಸಿಕ್ಕಿದ ಕೆಲಸ.

ಚಿಕ್ಕಪ್ಪ: ನಾನೂ ಅದಕ್ಕೇ ಹೇಳುತ್ತಿರುವುದು. ಕಾರ್ಖಾನೆಯಲ್ಲಿ ಮುಷ್ಕರ ಕಣ್ಣಾರೆ ನೋಡಿದವನು ನಾನು. ವಿಮಾನದವರದ್ದೇ ಉದಾಹರಣೆ ಬೇಕಾ? 1989ರಲ್ಲಿ ಆಸ್ಟ್ರೇಲಿಯಾದ ಪೈಲಟ್‌ಗಳು ಹೆಚ್ಚುಕಮ್ಮಿ 30% ಏರಿಕೆ ಕೇಳಿದರು. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಮಾತ್ರ ಹಾರಿಸುತ್ತೇವೆ ಅಂದರು. ಕೊನೆಗೆ 1,600ಕ್ಕೂ ಹೆಚ್ಚು ಜನ ಒಟ್ಟಿಗೆ ರಾಜೀನಾಮೆ ಕೊಟ್ಟರು. ಸರ್ಕಾರ ವಾಯುಪಡೆಯ ವಿಮಾನ ತಂದು ಜನರನ್ನು ಸಾಗಿಸಿತು. ಕಂಪನಿಗಳು ಹೊರದೇಶದಿಂದ ಪೈಲಟ್‌ಗಳನ್ನು ತಂದವು. ಎಷ್ಟೋ ಜನಕ್ಕೆ ಆ ದೇಶದಲ್ಲಿ ಮತ್ತೆ ಆ ಕೆಲಸ ಸಿಗಲೇ ಇಲ್ಲ. ಪ್ರಧಾನಿ ಬಾಬ್ ಹಾಕ್ ಸ್ವತಃ ಹಳೇ ಯೂನಿಯನ್ ನಾಯಕ. ಅವರೇ ಇವರ ಪರ ನಿಲ್ಲಲಿಲ್ಲ.

ಅಣ್ಣ: ಒಂದು ಕಡೆ ಸೋತರು ಅಂತ ಎಲ್ಲರೂ ಕೈಕಟ್ಟಿ ಕೂರಬೇಕಾ?

ಚಿಕ್ಕಪ್ಪ: ಒಂದೇ ಕಡೆ ಅಲ್ಲ. ಅದೇ ವರ್ಷ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್. ಮೆಕ್ಯಾನಿಕ್‌ಗಳ ಮುಷ್ಕರಕ್ಕೆ ಪೈಲಟ್‌ಗಳೂ ಕೈಜೋಡಿಸಿದರು. 1991ರ ಜನವರಿಯಲ್ಲಿ ಕಂಪನಿಯೇ ಮುಚ್ಚಿಹೋಯಿತು.

ನಾನು: ಚಿಕ್ಕಪ್ಪ, ಎರಡೂ ನನಗೆ ಗೊತ್ತು. ಆಸ್ಟ್ರೇಲಿಯಾದವರು ದುಡುಕಿದರು ಅಂತ ನನಗೂ ಅನಿಸುತ್ತದೆ. ರಾಜೀನಾಮೆ ಕೊಟ್ಟ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ? ಆದರೆ ನಾನು ಸೇರುವುದು ಮುಷ್ಕರಕ್ಕಲ್ಲ, ಸಂಬಳಕ್ಕೂ ಅಲ್ಲ. ಇಲ್ಲಿಯವರೆಗೆ ಮನೆಯಲ್ಲಿ ಹೇಳದ ಒಂದು ವಿಷಯ ಹೇಳುತ್ತೇನೆ. ಅತ್ತೆ, ಗಾಬರಿ ಆಗಬೇಡಿ.

ನಾನು: ಹೋದ ವರ್ಷ ಸಾಲಾಗಿ ನಾಲ್ಕು ರಾತ್ರಿ ಡ್ಯೂಟಿ ಇತ್ತು. ಹಗಲು ಹೋಟೆಲ್ ರೂಮಿನಲ್ಲಿ ಪರದೆ ಎಳೆದು ಮಲಗಿದರೂ ನಿದ್ದೆ ತುಂಡುತುಂಡು. ನಾಲ್ಕನೇ ರಾತ್ರಿ, ಬೆಳಗಿನ ಜಾವ, ಇಳಿಯುವ ಹೊತ್ತು. ವಿಮಾನ ನನ್ನ ಕೈಯಲ್ಲಿತ್ತು. 11,000 ಅಡಿಗೆ ಇಳಿಯಿರಿ ಅಂತ ನೆಲದಿಂದ ದಾರಿ ಹೇಳುವ ಕಂಟ್ರೋಲರ್ ಹೇಳಿದರು. ಕ್ಯಾಪ್ಟನ್ ಅದನ್ನೇ ತಿರುಗಿ ಹೇಳಿದರು. ನಾನು ಎತ್ತರ ಹಾಕುವ ನಾಬ್ ತಿರುಗಿಸಿದೆ, ಹನ್ನೊಂದು ಅಂತ ಬಾಯಲ್ಲೂ ಅಂದೆ. ನಾಬ್ ಮೇಲಿನ ಪುಟ್ಟ ಪರದೆಯಲ್ಲಿ ಕಾಣುತ್ತಿದ್ದ ಅಂಕಿ 10,000. ಕ್ಯಾಪ್ಟನ್ ಮಾತಾಡದೆ ಆ ಅಂಕಿಯ ಮೇಲೆ ಬೆರಳಿಟ್ಟರು. ಆಗಲೂ ನನಗೆ ತಕ್ಷಣ ಹೊಳೆಯಲಿಲ್ಲ. ಏನು ತಪ್ಪು ಅಂತ ಎರಡು ಸೆಕೆಂಡ್ ನೋಡುತ್ತಲೇ ಇದ್ದೆ. ನನಗೆ ಭಯ ಹುಟ್ಟಿಸಿದ್ದು ತಪ್ಪು ಅಂಕಿ ಅಲ್ಲ, ಆ ಎರಡು ಸೆಕೆಂಡ್.

ಅತ್ತೆ: ಅಯ್ಯೋ ದೇವರೇ.

ನಾನು: ಮರುದಿನ ಐದನೇ ರಾತ್ರಿಯ ಡ್ಯೂಟಿ ಕೊಟ್ಟರು. ಸುಸ್ತಾಗಿದೆ, ಹಾರಿಸಲು ಆಗಲ್ಲ ಅಂತ ಫೋನ್ ಮಾಡಿದೆ. 'ಸಿಕ್ ಅಂತ ಹಾಕಿಕೊಳ್ಳಲಾ?' ಅಂತ ಕೇಳಿದರು. ಕಾಯಿಲೆ ಇಲ್ಲ, ಫಟೀಗ್ ಅಂತಲೇ ಬರೆಯಿರಿ ಅಂದೆ. ಎರಡು ದಿನ ಬಿಟ್ಟು ಆಫೀಸಿಗೆ ಕರೆದರು. ಮೇಜಿನ ಆ ಕಡೆ ಮೂವರು, ಈ ಕಡೆ ನಾನೊಬ್ಬಳೇ. ರೆಸ್ಟ್ ಹೊತ್ತಲ್ಲಿ ಏನು ಮಾಡುತ್ತಿದ್ದೆ, ಎಷ್ಟು ಹೊತ್ತಿಗೆ ಮಲಗಿದೆ, ಫೋನ್ ನೋಡುತ್ತಿದ್ದೆಯಾ, ಇವೇ ಪ್ರಶ್ನೆ. ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿಯ ಬಗ್ಗೆ ಒಂದು ಮಾತಿಲ್ಲ. 'ನಿಯಮದ ಒಳಗೇ ಇದೆಯಲ್ಲ' ಅಂದರು. ನಿಯಮದ ಒಳಗೆ ಇದ್ದದ್ದೂ ನಿಜ.

ನಾನು: ಮೂರು ವಾರ ಕಳೆದು ನನ್ನ ಜೊತೆಯವನೊಬ್ಬನಿಗೂ ಹಾಗೇ ಆಯಿತು. ಅವನು ಯೂನಿಯನ್ ಸದಸ್ಯ. ಪ್ರತಿನಿಧಿಯಾಗಿ ಒಬ್ಬರು ಹಿರಿಯ ಕ್ಯಾಪ್ಟನ್ ಅವನ ಪಕ್ಕದಲ್ಲಿ ಕೂತರು. ಅದೇ ರೋಸ್ಟರ್‌ನಲ್ಲಿ ಫಟೀಗ್ ಅಂತ ಹೇಳಿದವರ ಪಟ್ಟಿ ಮೇಜಿನ ಮೇಲಿಟ್ಟರು. ನನ್ನದೂ ಅದರಲ್ಲಿತ್ತು. ಮಾತು ಅವನು ಎಷ್ಟು ಹೊತ್ತಿಗೆ ಮಲಗಿದ ಅನ್ನುವುದು ಬಿಟ್ಟು ರೋಸ್ಟರ್ ಕಡೆ ತಿರುಗಿತು. ಈಗ ಸಾಲಾಗಿ ಮೂರು ರಾತ್ರಿಗಿಂತ ಜಾಸ್ತಿ ಹಾಕುವುದಿಲ್ಲ. ನಾನು ಒಬ್ಬಳೇ ಹೇಳಿದಾಗ ಅದು ನನ್ನ ಸೋಮಾರಿತನ ಆಗಿತ್ತು.

ಚಿಕ್ಕಪ್ಪ: ಇದನ್ನು ಆಗಲೇ ಯಾಕೆ ಹೇಳಲಿಲ್ಲಮ್ಮ?

ನಾನು: ಹೇಳಿದ್ದರೆ ಕೆಲಸ ಬಿಡು ಅಂತಿದ್ದಿರಿ.

ಚಿಕ್ಕಪ್ಪ: ಹೌದು, ಈಗಲೂ ಅದನ್ನೇ ಅನ್ನುತ್ತೇನೆ. ಅಂಥ ಕಂಪನಿ ಬಿಟ್ಟು ಬೇರೆ ಕಡೆ ಹೋಗು. ಒಳ್ಳೇ ಪೈಲಟ್ ಹೋದರೆ ಅವರಿಗೇ ನಷ್ಟ.

ನಾನು: ಬೇರೆ ಕೆಲಸಗಳಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ಎಲ್ಲಾ ಸೀನಿಯಾರಿಟಿ ಪಟ್ಟಿಯ ಮೇಲೆ, ಅಂದರೆ ಕಂಪನಿಗೆ ಯಾರು ಮೊದಲು ಸೇರಿದರು ಅನ್ನುವುದರ ಮೇಲೆ. ಯಾವ ವಿಮಾನ, ಯಾವ ಊರಿನ ಬೇಸ್, ಯಾವಾಗ ರಜೆ, ಯಾವಾಗ ಕ್ಯಾಪ್ಟನ್, ಎಲ್ಲಾ ಆ ಒಂದು ನಂಬರ್. 15 ವರ್ಷ ಹಾರಿಸಿದ ಕ್ಯಾಪ್ಟನ್ ಕೂಡ ಇನ್ನೊಂದು ದೊಡ್ಡ ಕಂಪನಿಗೆ ಹೋದರೆ ಬಹಳ ಕಡೆ ಪಟ್ಟಿಯ ತಳದಿಂದಲೇ ಶುರು ಮಾಡಬೇಕು. ಬಿಟ್ಟು ಹೋಗುವ ದಾರಿ ಕಿರಿದು. ಅದಕ್ಕೇ ಇದ್ದಲ್ಲೇ ಮಾತಾಡುವ ದಾರಿ ಬೇಕು ಅನ್ನುವುದು.

ಭಾವ: ಇಲ್ಲಿ ಒಂದು ನಿಮಿಷ. ಆ ಪಟ್ಟಿಯನ್ನು ಹಿಡಿದುಕೊಂಡು ಕೂತಿರುವುದೇ ಯೂನಿಯನ್‌ಗಳು ಅಲ್ವಾ? ನಿನ್ನನ್ನು ಕಟ್ಟಿಹಾಕುವ ಹಗ್ಗವನ್ನೂ ಅವರೇ ಹೊಸೆಯುತ್ತಾರೆ, ಬಿಡಿಸುತ್ತೇವೆ ಅಂತಲೂ ಅವರೇ ಬರುತ್ತಾರೆ.

ಚಿಕ್ಕಪ್ಪ: ಸರಿಯಾಗಿ ಕೇಳಿದೆ.

ನಾನು: ಭಾವ, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆ ಪಟ್ಟಿಯಿಂದ ನನ್ನಂಥ ಕಿರಿಯರಿಗೇ ಏಟು ಜಾಸ್ತಿ. ಕೆಟ್ಟ ಕಾಲ ಬಂದರೆ ಮೊದಲು ಮನೆಗೆ ಹೋಗುವವರು ನಾವೇ. ಆದರೆ ಪಟ್ಟಿ ಇಲ್ಲದಿದ್ದರೆ ಯಾರು ಕ್ಯಾಪ್ಟನ್ ಆಗಬೇಕು ಅಂತ ಮೇಲಿನವರ ಮರ್ಜಿ ನಡೆಯುತ್ತದೆ. ಆಗ ಸುಸ್ತಾಗಿದೆ ಅಂದವಳ ಹೆಸರು ಎಲ್ಲಿರುತ್ತದೆ ಹೇಳಿ? ಇನ್ನೊಂದು. 2020ರಲ್ಲಿ ಅಮೆರಿಕದ ಯುನೈಟೆಡ್ ವಿಮಾನ ಕಂಪನಿಯಲ್ಲಿ ಸುಮಾರು 2,850 ಪೈಲಟ್‌ಗಳನ್ನು ಮನೆಗೆ ಕಳಿಸುವ ಪಟ್ಟಿ ತಯಾರಾಗಿತ್ತು. ಯೂನಿಯನ್ ಕೂತು ಮಾತಾಡಿತು. ಇದ್ದ ಕೆಲಸವನ್ನು ಎಲ್ಲರೂ ಹಂಚಿಕೊಳ್ಳುವ ಒಪ್ಪಂದಕ್ಕೆ ಪೈಲಟ್‌ಗಳೇ ಮತ ಹಾಕಿದರು. ಹಿರಿಯರು ತಮ್ಮ ಗಂಟೆ ಬಿಟ್ಟುಕೊಟ್ಟಿದ್ದರಿಂದ ಕಿರಿಯರ ಕೆಲಸ ಉಳಿಯಿತು.

ಅಣ್ಣ: ಈ ಹಾರಾಟದ ಗಂಟೆಗೆ ಮಿತಿ ಅನ್ನುವುದೇ ಹೇಗೆ ಬಂತು ಅಂತ ಚಿಕ್ಕಪ್ಪ ನೋಡಬೇಕು. ಅಮೆರಿಕದಲ್ಲಿ 1931ರಲ್ಲಿ ಡೇವ್ ಬೆಂಕೆ ಅನ್ನುವ ಪೈಲಟ್ ಜೊತೆಯವರನ್ನು ಸೇರಿಸಿ ಸಂಘ ಕಟ್ಟಿದರು. ಆಗ ಪೈಲಟ್‌ಗಳು ಸಾಯುವುದು ಮಾಮೂಲಿ. ಸಂಘದ ಘೋಷಣೆ 'ಶೆಡ್ಯೂಲ್ ವಿತ್ ಸೇಫ್ಟಿ', ಅಂದರೆ ವೇಳಾಪಟ್ಟಿಯ ಜೊತೆ ಸುರಕ್ಷತೆಯೂ ಇರಲಿ ಅಂತ. 1934ರಲ್ಲಿ ತಿಂಗಳಿಗೆ 85 ಗಂಟೆಯ ಮಿತಿ ತೀರ್ಮಾನ ಆಯಿತು.

ಚಿಕ್ಕಪ್ಪ: ಆಗಿನ ಕಾಲ ಬೇರೆ. ಈಗ ಸರ್ಕಾರದ ನಿಯಮಗಳೇ ಇವೆಯಲ್ಲ. ನಿಯಮ ಬಿಗಿ ಮಾಡಿಸಿದರೆ ಸಾಕು. 2009ರಲ್ಲಿ ಅಮೆರಿಕದ ಬಫಲೋ ಊರಿನ ಹತ್ತಿರ ಕೋಲ್ಗನ್ ಕಂಪನಿಯ ವಿಮಾನ ಬಿತ್ತು. 50 ಜನ ಸತ್ತರು. ಅದಾದ ಮೇಲೆ ಬಂದ ಹೊಸ ನಿಯಮ ಸತ್ತವರ ಮನೆಯವರು ಪಟ್ಟುಹಿಡಿದು ತಂದದ್ದು.

ನಾನು: ಹೌದು, ಆ ಮನೆಯವರಿಗೆ ನಮ್ಮಂಥ ಪೈಲಟ್‌ಗಳೆಲ್ಲ ಋಣಿಗಳು. ಆ ವಿಮಾನದ ಕೋ-ಪೈಲಟ್ ಹಿಂದಿನ ರಾತ್ರಿ ದೇಶದ ಆ ತುದಿಯಿಂದ ಈ ತುದಿಗೆ ಬೇರೆ ವಿಮಾನದಲ್ಲಿ ಬಂದು ಕೆಲಸಕ್ಕೆ ಹಾಜರಾಗಿದ್ದರು. ಬಿದ್ದದ್ದು ವೇಗ ತೀರಾ ಕಡಿಮೆಯಾಗಿದೆ ಅನ್ನುವ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದ್ದರಿಂದ ಅಂತ ತನಿಖೆ ಹೇಳಿತು. ಸುಸ್ತಿನ ಮಾತೂ ಅಲ್ಲಿ ಬಂತು. 2014ರಿಂದ ಡ್ಯೂಟಿಗೆ ಮುಂಚೆ 10 ಗಂಟೆ ರೆಸ್ಟ್, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ ಅಂತ ಆಯಿತು. ಆದರೆ ಸರಕು ವಿಮಾನಗಳನ್ನು ಆ ನಿಯಮದಿಂದ ಬಿಟ್ಟರು. ಕೋರ್ಟಿಗೆ ಹೋಗಿ ಕೇಳಿದ್ದು ಸರಕು ಸಾಗಿಸುವ ಯುಪಿಎಸ್ ಕಂಪನಿಯ ಪೈಲಟ್‌ಗಳ ಯೂನಿಯನ್. ಒಬ್ಬ ಪೈಲಟ್ ಹೋಗಿ ಕೇಳಲು ಆಗುತ್ತಿತ್ತಾ? ಮತ್ತೆ ಚಿಕ್ಕಪ್ಪ, ನನ್ನ ನಾಲ್ಕು ರಾತ್ರಿ ನಿಯಮದ ಒಳಗೇ ಇತ್ತು. ಮರೆಯಬೇಡಿ.

ಭಾವ: ಐರ್ಲೆಂಡಿನ ವಿಮಾನ ಕಂಪನಿ ರಯಾನ್‌ಏರ್ ಕೂಡ 32 ವರ್ಷ ಯೂನಿಯನ್ ಒಪ್ಪಲ್ಲ ಅಂತ ಕೂತಿತ್ತು. 2017ರಲ್ಲಿ ರೋಸ್ಟರ್ ಎಡವಟ್ಟಾಗಿ ಸಾವಿರಾರು ವಿಮಾನ ರದ್ದಾದವು. ಅದೇ ಡಿಸೆಂಬರ್‌ನಲ್ಲಿ ಒಪ್ಪಿತು. ಕಂಪನಿ ಏನೂ ಮುಳುಗಲಿಲ್ಲ.

ಅತ್ತೆ: ಪುಟ್ಟಿ, ನನಗೆ ಈ ಲೆಕ್ಕ ಗೊತ್ತಾಗಲ್ಲ. ಇನ್ನೊಂದು ಸಲ ಆ ಮೂವರ ಮುಂದೆ ಒಬ್ಬಳೇ ಕೂರಬೇಡ. ಸೇರು.

ಚಿಕ್ಕಪ್ಪ: ಚಂದಾ ಎಷ್ಟು?

ನಾನು: ಸಂಬಳದಲ್ಲಿ ನೂರಕ್ಕೆ ಎರಡರ ಒಳಗೆ.

ಚಿಕ್ಕಪ್ಪ: ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಯೂನಿಯನ್ ಒಳ್ಳೇದೋ ಕೆಟ್ಟದ್ದೋ ಅನ್ನುವುದು ಅದನ್ನು ನಡೆಸುವವರ ಮೇಲೆ. ಸಹಿ ಹಾಕುವ ಮೊದಲು ಎರಡು ಕೇಳು. ಮುಷ್ಕರ ಅಂತ ತೀರ್ಮಾನಿಸಲು ಎಷ್ಟು ಮತ ಬೇಕು, ಗುಟ್ಟಿನ ಮತದಾನವಾ, ಕೈ ಎತ್ತುವುದಾ? ಲೆಕ್ಕಪತ್ರ ಸದಸ್ಯರಿಗೆ ತೋರಿಸುತ್ತಾರಾ? ನಮ್ಮ ಕಾರ್ಖಾನೆಯಲ್ಲಿ ಕೈ ಎತ್ತಿಸಿದರು. ಎತ್ತದವನನ್ನು ಎಲ್ಲರೂ ನೋಡುತ್ತಿದ್ದರು.

ನಾನು: ಮೊದಲನೆಯದು ಕೇಳಿದ್ದೇನೆ ಚಿಕ್ಕಪ್ಪ, ಗುಟ್ಟಿನ ಮತದಾನ. ಲೆಕ್ಕಪತ್ರದ್ದು ಹೊಳೆದಿರಲಿಲ್ಲ. ನಾಳೆ ಆ ಹಿರಿಯ ಕ್ಯಾಪ್ಟನ್ ಸಿಗುತ್ತಾರೆ, ಕೇಳುತ್ತೇನೆ.

ಚಿಕ್ಕಪ್ಪ: ಅವರ ನಿಯಮಾವಳಿ ಇದ್ದರೆ ನನಗೂ ಕಳಿಸು. ಗುರುವಾರಕ್ಕೆ ಮುಂಚೆ ಓದಿ ಹೇಳುತ್ತೇನೆ.

ನಾನು: ಕಳಿಸಿದೆ. 46 ಪುಟ ಇದೆ.

ಚಿಕ್ಕಪ್ಪ: ಇರಲಿ. ಕನ್ನಡಕ ಹಾಕಿಕೊಂಡೆ. ನೀನು ಹೋಗಿ ಮಲಗು.